ಸಿಲಿಂಡರ್ ಎಣಿಸಿದವರು ಗುಂಟೆ ಎಣಿಸಲಿಲ್ಲ

ಬಸವನ ಬಾಗೇವಾಡಿಯ ಸೀಮೆಯಲ್ಲಿ ಎತ್ತು ಕೊಳ್ಳುವುದು ಒಂದು ವಿದ್ಯೆ. ದನದ ಸಂತೆಯಲ್ಲಿ ರೈತನು ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ಗೊರಸು ಮುಟ್ಟುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಅಲ್ಲಿಗೆ ಪರೀಕ್ಷೆ ಮುಗಿಯುವುದಿಲ್ಲ. ಇದು ದಿನಕ್ಕೆ ಎಷ್ಟು ಮೇವು ತಿಂದೀತು? ಎರೆಹೊಲದ ಹಸಿಯಲ್ಲಿ ಕೂರಿಗೆ ಎಳೆದೀತೇ? ಮನೆಯಲ್ಲಿರುವ ಜೋಡಿಗೆ ಹೊಂದೀತೇ? ಹಿತ್ತಲಿನ ಕಣಿಕಿಯ ಬಣವೆ ಇದನ್ನು ಬೇಸಿಗೆ ದಾಟಿಸೀತೇ? ಎತ್ತಿನ ಅಂದವನ್ನು ಮೆಚ್ಚಿಕೊಂಡ ಮೇಲೂ ಈ ಪ್ರಶ್ನೆಗಳಿಗೆ ಉತ್ತರ ಸಿಗದೆ ಅವನು ಹಗ್ಗಕ್ಕೆ ಕೈಹಾಕುವುದಿಲ್ಲ.

ಇಂದು ಅದೇ ಸೀಮೆಯ, ಮಾತ್ರವಲ್ಲ ನಾಡಿನ ಎಲ್ಲ ಸೀಮೆಗಳ ತರುಣರು ಕಾರಿನ ಸುತ್ತ ನಿಂತು ಪರೀಕ್ಷೆ ನಡೆಸುತ್ತಿದ್ದಾರೆ. ಹುರುಪಿಗೇನೂ ಕೊರತೆಯಿಲ್ಲ, ಕೊರತೆ ಇರುವುದು ಪ್ರಶ್ನೆಗಳಲ್ಲಿ. 2024ರ ಮೇ 9ರಂದು ಮಾರುತಿ ಸುಜುಕಿ ಕಂಪೆನಿಯು ಸ್ವಿಫ್ಟ್ ಎಂಬ ತನ್ನ ಚಿಕ್ಕ ಕಾರಿನ ನಾಲ್ಕನೆಯ ತಲೆಮಾರನ್ನು ಭಾರತದ ಮಾರುಕಟ್ಟೆಗೆ ಬಿಟ್ಟಾಗ ಕೇಳಿಬಂದ ಮಾತುಗಳನ್ನು ಒಮ್ಮೆ ನೆನೆದುಕೊಂಡರೆ ಈ ಕೊರತೆಯ ಆಳ ತಿಳಿಯುತ್ತದೆ.

ಸ್ವಿಫ್ಟ್ ಕಾರಿನ ಪರಿಚಯ ಯಾರಿಗೂ ಹೊಸದಾಗಿ ಮಾಡಿಕೊಡಬೇಕಾಗಿಲ್ಲ. 2005ರಲ್ಲಿ ಭಾರತಕ್ಕೆ ಬಂದ ಈ ಗಿಡ್ಡ ಬೆನ್ನಿನ ಹ್ಯಾಚ್‌ಬ್ಯಾಕ್, 2011ರಲ್ಲಿ ಮತ್ತು 2018ರಲ್ಲಿ ರೂಪ ಬದಲಿಸಿತು. 2024ರ ಜೂನ್ ವೇಳೆಗೆ ದೇಶದಲ್ಲಿ ಮಾರಾಟವಾದ ಸ್ವಿಫ್ಟ್‌ಗಳ ಸಂಖ್ಯೆ 30 ಲಕ್ಷ ದಾಟಿತೆಂದು ಕಂಪೆನಿಯೇ ಸಾರಿತು. ಹೀಗಾಗಿ ಅದರ ಹೊಸ ರೂಪವನ್ನು ಕುರಿತ ಚರ್ಚೆ ಕೆಲವೇ ಶ್ರೀಮಂತರ ಹವ್ಯಾಸವಲ್ಲ. ಹಳ್ಳಿಯ ಹೋಟೆಲಿನ ಬೆಂಚಿನವರೆಗೂ ಇಳಿದುಬಂದಿರುವ ಚರ್ಚೆ ಅದು.

ಆ ಚರ್ಚೆಯಲ್ಲಿ ಏನೇನು ಬಂತು? ಹಳೆಯ ಮುಖವನ್ನೇ ತಿದ್ದಿ ತೀಡಿ ಹೊಸತೆಂದು ಮಾರುತ್ತಿದ್ದಾರೆ ಎಂದು ಕೆಲವರು ಮುನಿದರು. ಹಿಂದಿನ ಮಾದರಿಯಲ್ಲಿ ಗಾಜಿನ ಪಕ್ಕದ ಕಂಬದಲ್ಲಿ ಅಡಗಿದ್ದ ಹಿಂಬಾಗಿಲಿನ ಹಿಡಿಕೆ ಮತ್ತೆ ಬಾಗಿಲಿಗೇ ಬಂದುದಕ್ಕೆ ಕೆಲವರು ಸಂತೋಷಪಟ್ಟರು, ಕೆಲವರು ಮರುಗಿದರು. ಒಳಗಿನ ಪ್ಲಾಸ್ಟಿಕ್ ಗಡುಸಾಯಿತು ಎಂದರು. ಛಾವಣಿಯಲ್ಲಿ ಆಕಾಶ ನೋಡುವ ಕಿಂಡಿಯಿಲ್ಲ ಎಂದರು. ಜಪಾನಿನ ಸ್ವಿಫ್ಟ್‌ಗೆ ಕೊಟ್ಟ ಚಿಕ್ಕ ಹೈಬ್ರಿಡ್ ವ್ಯವಸ್ಥೆಯನ್ನೂ ತಾನಾಗಿ ಬ್ರೇಕ್ ಹಾಕುವ ರಾಡಾರನ್ನೂ ಭಾರತೀಯರಿಗೆ ಕೊಡಲಿಲ್ಲ ಎಂದು ಆಕ್ಷೇಪಿಸಿದರು. ಈ ಕೊನೆಯ ಆಕ್ಷೇಪದಲ್ಲಿ ನ್ಯಾಯವಿದೆ. ಆದರೆ ಎಲ್ಲಕ್ಕಿಂತ ದೊಡ್ಡ ಗೋಳು ಇವಾವುದೂ ಆಗಿರಲಿಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ ಹೋಗಿ ಮೂರು ಸಿಲಿಂಡರಿನ ಎಂಜಿನ್ ಬಂದುದೇ ಆ ಗೋಳು. ಎಂಜಿನ್ನಿನ ಜೀವವೇ ಹೋಯಿತು, ಸ್ವಿಫ್ಟ್ ಇನ್ನು ಸ್ವಿಫ್ಟ್ ಅಲ್ಲ ಎಂಬ ಶೋಕ ನಾಡಿನ ತುಂಬ ಹಬ್ಬಿತು.

ಮೂರಕ್ಕೆ ಏಕೆ ಇಷ್ಟು ಮುನಿಸು?

ಈ ಶೋಕವನ್ನು ಸುಮ್ಮನೆ ನಗೆಯಾಡಿ ತಳ್ಳಿಹಾಕಬಾರದು. ಅದರಲ್ಲಿ ಯಂತ್ರಜ್ಞಾನವಿದೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಪ್ರತಿ ಅರ್ಧ ಸುತ್ತಿಗೊಮ್ಮೆ ಇಂಧನ ಉರಿದು ತಳ್ಳು ಸಿಗುತ್ತದೆ. ಮೂರು ಸಿಲಿಂಡರಿನದರಲ್ಲಿ ಆ ತಳ್ಳು ಮೂರರಲ್ಲಿ ಎರಡು ಭಾಗ ಸುತ್ತಿಗೊಮ್ಮೆ ಬರುತ್ತದೆ. ನಡುವಿನ ಅಂತರ ಹೆಚ್ಚಾದ್ದರಿಂದ ಕಾರು ನಿಂತಲ್ಲೇ ಗುರುಗುಟ್ಟುವಾಗ ಗೇರಿನ ಕಡ್ಡಿಯಲ್ಲಿ, ಕಾಲಡಿಯ ಹಲಗೆಯಲ್ಲಿ ಸಣ್ಣ ನಡುಕ ಕಾಣಿಸುತ್ತದೆ. ಶಕ್ತಿಯೂ ಇಳಿದಿದೆ: ಹಳೆಯದು 90 ಅಶ್ವಶಕ್ತಿ, ಹೊಸದು ಸುಮಾರು 82. ಅಭಿಮಾನಿಗಳು ಸುಳ್ಳು ಹೇಳಲಿಲ್ಲ.

ಆದರೆ ಅವರು ಅರ್ಧ ಹೇಳಿದರು. ಸಿಲಿಂಡರ್ ಒಂದು ಕಡಿಮೆಯಾದರೆ ಉಜ್ಜಾಡುವ ಭಾಗಗಳೂ ಕಡಿಮೆಯಾಗುತ್ತವೆ. ಉಜ್ಜಾಟಕ್ಕೆ ಹೋಗುತ್ತಿದ್ದ ಪೆಟ್ರೋಲು ಉಳಿಯುತ್ತದೆ. ಕಂಪೆನಿಯ ಲೆಕ್ಕದಂತೆ ಕೈಗೇರಿನ ಹಳೆಯ ಕಾರು ಲೀಟರಿಗೆ 22.38 ಕಿಲೋಮೀಟರ್ ಓಡುತ್ತಿತ್ತು, ಹೊಸದು 24.8 ಕಿಲೋಮೀಟರ್ ಓಡುತ್ತದೆ. ವರ್ಷಕ್ಕೆ 10,000 ಕಿಲೋಮೀಟರ್ ಓಡಿಸುವವನಿಗೆ ಇದರಿಂದ ಉಳಿಯುವುದು ಸುಮಾರು 43 ಲೀಟರ್ ಪೆಟ್ರೋಲು. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅಂದರೆ ಒಂದೊಂದು ಕಾರಿಗೆ ವರ್ಷಕ್ಕೆ ಒಂದು ಕ್ವಿಂಟಾಲ್ ಅನಿಲ ಕಡಿಮೆ.

ವಿಪರ್ಯಾಸವನ್ನು ಓದುಗರು ಗಮನಿಸಬೇಕು. ಹೊಸ ಕಾರಿನಲ್ಲಿ ಕಾರಿನ ಹೊರಗಿರುವ ಲೋಕಕ್ಕೆ ಒಳಿತಾದ ಬದಲಾವಣೆ ಹೆಚ್ಚೆಂದರೆ ಇದೊಂದೇ. ಅತಿ ಹೆಚ್ಚು ಬೈಗುಳ ತಿಂದದ್ದೂ ಇದೊಂದೇ. ಕಡಿಮೆ ಮೇವು ತಿಂದು ಅಷ್ಟೇ ಕೆಲಸ ಮಾಡುವ ಎತ್ತನ್ನು ಹೊಗಳುವ ಸೀಮೆಯಲ್ಲಿ, ಕಡಿಮೆ ಕುಡಿದು ಅಷ್ಟೇ ದೂರ ಓಡುವ ಯಂತ್ರಕ್ಕೆ ಜೀವವಿಲ್ಲ ಎಂಬ ತೀರ್ಪು ಹೊರಟಿತು. ಎಂಜಿನ್ನಿನ ನಡುಕ ಅಂಗೈಗೆ ತಿಳಿಯಿತು. ಉಳಿದ ಪೆಟ್ರೋಲು ಯಾರ ಅಂಗೈಗೂ ತಿಳಿಯಲಿಲ್ಲ.

ಇದರ ಅರ್ಥ ಮೂರು ಸಿಲಿಂಡರಿನ ಕಾರು ಲೋಕವನ್ನು ಕಾಯುತ್ತದೆ ಎಂದಲ್ಲ. ಉಳಿದ ಆ 43 ಲೀಟರ್ ನಿಜವಾಗಿ ಉಳಿಯುವುದೂ ಸಂದೇಹವೇ. ಬೆಂಗಳೂರಿನ ಕಾರು ಮುಳ್ಳಯ್ಯನಗಿರಿಗೆ ಹೋಗಿಬರಲು ಐದುನೂರಕ್ಕೂ ಹೆಚ್ಚು ಕಿಲೋಮೀಟರ್ ಓಡಬೇಕು. ಚೆನ್ನಾಗಿ ಮೈಲೇಜ್ ಕೊಡುತ್ತದೆಯಲ್ಲ ಎಂದು ವರ್ಷಕ್ಕೆ ಎರಡು ಸಲ ಹೆಚ್ಚಿಗೆ ಹೋಗಿಬಂದರೆ ಇಡೀ ವರ್ಷದ ಉಳಿತಾಯ ಹೆಚ್ಚುಕಡಿಮೆ ಘಟ್ಟದ ದಾರಿಯಲ್ಲೇ ತೀರಿಹೋಗುತ್ತದೆ. ಯಂತ್ರ ಮಿತವ್ಯಯಿಯಾದರೆ ಸಾಲದು. ಅದರ ಒಡೆಯನೂ ಮಿತವ್ಯಯಿಯಾಗಬೇಕು.

ಒಳಗಿನವರ ಕ್ಷೇಮ, ಹೊರಗಿನವರ ಕ್ಷೇಮ

ಹೊಸ ಸ್ವಿಫ್ಟ್‌ನ ಎಲ್ಲ ಮಾದರಿಗಳಲ್ಲೂ ಆರು ಗಾಳಿಚೀಲಗಳಿವೆ. ಅಭಿಮಾನಿಗಳು ಇದನ್ನು ಒಕ್ಕೊರಲಿನಿಂದ ಹೊಗಳಿದರು. ಹೊಗಳಬೇಕಾದ್ದೇ. ಡಿಕ್ಕಿಯಾದಾಗ ಒಳಗಿರುವ ಮಗುವಿನ, ಮುದುಕಿಯ ಜೀವ ಉಳಿಸುವ ಸಾಧನ ಬಡವರ ಕಾರಿಗೂ ಬಂದದ್ದು ಒಳ್ಳೆಯ ಕೆಲಸ.

ಆದರೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2022ರ ವರದಿಯನ್ನು ತೆರೆದು ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ಆ ವರ್ಷ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ದ್ವಿಚಕ್ರ ವಾಹನದವರು 74,897, ನಡೆದು ಹೋಗುತ್ತಿದ್ದವರು 32,825. ಇವರಿಬ್ಬರೇ ಸೇರಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು. ಇವರಿಗೆ ಯಾವ ಗಾಳಿಚೀಲವೂ ಇಲ್ಲ. ವಿಜಯಪುರದಿಂದ ನಿಡಗುಂದಿಯ ಮೇಲೆ ಹೊಸಪೇಟೆಯ ಕಡೆಗೆ ಸಾಗುವ 50ನೆಯ ಹೆದ್ದಾರಿಯ ಅಂಚಿನಲ್ಲಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ದಾಟಲು ಕಾಯುವ ಹೆಂಗಸಿಗೆ, ಬರುವ ಕಾರು ಎಷ್ಟು ಸೆಕೆಂಡಿನಲ್ಲಿ ನೂರರ ವೇಗ ಮುಟ್ಟುತ್ತದೆ ಎಂಬುದು ಹೆಮ್ಮೆಯ ವಿಷಯವಲ್ಲ, ಭಯದ ವಿಷಯ. ಎಂಟು ಅಶ್ವಶಕ್ತಿ ಕಡಿಮೆಯಾಯಿತೆಂದು ಅಳುವವರು ಒಮ್ಮೆಯಾದರೂ ಆಕೆಯ ಪಕ್ಕದಲ್ಲಿ ನಿಂತು ರಸ್ತೆ ದಾಟಿ ನೋಡಬೇಕು.

ಒಂಬತ್ತು ಗುಂಟೆಯ ಕಾರು

ಬಾಗೇವಾಡಿಯ ಸೀಮೆಗೆ ಈ ಚರ್ಚೆ ಬರಿಯ ಮಾತಲ್ಲ. ಅದರ ಹಿಂದೆ ನೆಲದ ಪ್ರಶ್ನೆಯಿದೆ. ಸಹ್ಯಾದ್ರಿಯ ಮಹಾಬಲೇಶ್ವರದಲ್ಲಿ ಹುಟ್ಟಿದ ಕೃಷ್ಣೆಯನ್ನು ಆಲಮಟ್ಟಿಯಲ್ಲಿ ಕಟ್ಟಿ ನಿಲ್ಲಿಸಿದೆ. ಅಣೆಕಟ್ಟಿನ ಹಿನ್ನೀರು ಗಡಿಗೆ ಮೊಸರಿಗೆ ಹೆಸರಾದ ಹಳೆಯ ಕೊಲ್ಹಾರವನ್ನು ನುಂಗಿತು. ಕೊಲ್ಹಾರ, ನಿಡಗುಂದಿ ಈಗ ಪ್ರತ್ಯೇಕ ತಾಲ್ಲೂಕುಗಳು. ಮೊದಲು ಇವೆಲ್ಲ ಬಸವನ ಬಾಗೇವಾಡಿ ತಾಲ್ಲೂಕಿನವೇ. ಈಗ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಿದೆ. ಇದಕ್ಕಾಗಿ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸುಮಾರು 75 ಸಾವಿರ ಎಕರೆ ಮುಳುಗಡೆಯಾಗಬೇಕಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರವೆಂದು ತೀರ್ಮಾನಿಸಿತು.

ಅದೇ ಸೆಪ್ಟೆಂಬರ್ 22ರಂದು ಇನ್ನೊಂದು ತೀರ್ಮಾನ ಜಾರಿಗೆ ಬಂತು. ನಾಲ್ಕು ಮೀಟರಿಗಿಂತ ಉದ್ದವಿಲ್ಲದ ಚಿಕ್ಕ ಪೆಟ್ರೋಲು ಕಾರುಗಳ ಮೇಲಿದ್ದ ಶೇಕಡಾ 28ರ ಸರಕು ಮತ್ತು ಸೇವಾ ತೆರಿಗೆ ಶೇಕಡಾ 18ಕ್ಕೆ ಇಳಿಯಿತು, ಅದರ ಮೇಲಿನ ಸೆಸ್ಸೂ ಹೋಯಿತು. 2024ರಲ್ಲಿ 6.49 ಲಕ್ಷ ರೂಪಾಯಿಯಿಂದ ಆರಂಭವಾಗಿದ್ದ ಸ್ವಿಫ್ಟ್‌ನ ಬೆಲೆ 5.79 ಲಕ್ಷಕ್ಕೆ ಬಂತು. ಚಿಕ್ಕ ಕಾರಿಗೆ ಈ ಮಮತೆ ಹೊಸದಲ್ಲ. 2006ರ ಕೇಂದ್ರ ಬಜೆಟ್ಟೇ ಇಂತಹ ಕಾರುಗಳ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಿತ್ತು. ಅಭಿಮಾನಿಗಳು ಮಿಲಿಮೀಟರಿನ ಲೆಕ್ಕದಲ್ಲಿ ಚರ್ಚಿಸುವ 3,860 ಮಿಲಿಮೀಟರಿನ ಆ ಮೈಕಟ್ಟನ್ನು ಕಲಾವಿದನ ಪೆನ್ಸಿಲಿನಷ್ಟೇ ತೆರಿಗೆಯ ಕಾನೂನೂ ಕಡೆದಿದೆ.

ಈ ಎರಡು ತೀರ್ಮಾನಗಳನ್ನು ಒಂದೇ ಹಾಳೆಯ ಮೇಲೆ ಬರೆದು ನೋಡಬೇಕು. ಒಣಭೂಮಿಯ ಒಂದು ಗುಂಟೆಗೆ 75 ಸಾವಿರ ರೂಪಾಯಿ. ರಸ್ತೆ ತೆರಿಗೆ, ವಿಮೆಗಳನ್ನು ಸೇರಿಸಿ ಸ್ವಿಫ್ಟ್ ಮನೆಗೆ ಬರುವಾಗ ತಗಲುವ ಹಣ ಸುಮಾರು ಒಂಬತ್ತು ಗುಂಟೆಯ ಪರಿಹಾರ. ಒಂಬತ್ತು ಗುಂಟೆ ಎಂದರೆ ಎಷ್ಟು ಮಹಾ ಎನ್ನಬಹುದು. ಅದು ಎಕರೆಯ ಕಾಲುಭಾಗಕ್ಕೂ ಕಡಿಮೆ. ಆದರೆ ಅದು ಹಿಂಗಾರಿಯಲ್ಲಿ ಮಳೆಯಿಲ್ಲದೆಯೂ ತನ್ನೊಳಗಿನ ಹಸಿಯಿಂದಲೇ ಬಿಳಿಜೋಳವನ್ನು ತೆನೆಗೆ ತರುವ ಎರೆಭೂಮಿ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂದು ಆ ಸೀಮೆಯವರು ಡೋಣಿ ನದಿಯ ದಂಡೆಯ ನೆಲವನ್ನು ಕುರಿತು ಆಡುತ್ತ ಬಂದ ಮಾತು ಇಂಥ ಮಣ್ಣಿನ ಮೇಲಿನ ನಂಬಿಕೆಯಿಂದಲೇ ಹುಟ್ಟಿದ್ದು. ತಾತನು ಬಿತ್ತಿದಲ್ಲಿ ಮೊಮ್ಮಗನೂ ಬಿತ್ತುತ್ತಾನೆ. ಕಾರಿನ ನೋಂದಣಿಗೆ ಮಾತ್ರ ಹದಿನೈದು ವರ್ಷದ ಆಯುಷ್ಯ. ಆಮೇಲೆ ಅದು ಮರುನೋಂದಣಿಗೆ ಅರ್ಜಿ ಹಾಕಬೇಕಾದ ಮುದಿ ಕಬ್ಬಿಣ. ಮೊದಲ ದಿನ ಅಂಗಡಿಯ ಬಾಗಿಲು ದಾಟಿದಾಗಲೇ ಅದರ ಬೆಲೆ ಇಳಿಯತೊಡಗುತ್ತದೆ.

ಮುಳುಗಡೆಯ ಹಣ ಬಂದ ಮನೆಯ ಮಗ ಕಾರು ಕೊಳ್ಳಬಾರದೆಂದು ಆಜ್ಞೆ ಹೊರಡಿಸುವ ಅಧಿಕಾರ ಯಾರಿಗೂ ಇಲ್ಲ. ನಡುರಾತ್ರಿಯಲ್ಲಿ ಹೆರಿಗೆಯ ನೋವು ತಿನ್ನುವ ಸೊಸೆಯನ್ನು, ಎದೆ ಹಿಡಿದುಕೊಂಡ ಅಪ್ಪನನ್ನು ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ವಿಜಯಪುರಕ್ಕೆ ಒಯ್ಯಬೇಕಾದವನಿಗೆ ಕಾರು ಶೋಕಿಯಲ್ಲ, ಊರುಗೋಲು. ಅವನಿಗೆ ಛಾವಣಿಯ ಕಿಂಡಿಯೂ ಬೇಡ, ನಾಲ್ಕನೆಯ ಸಿಲಿಂಡರೂ ಬೇಡ. ಚಾವಿ ತಿರುಗಿಸಿದಾಗ ಗಾಡಿ ಶುರುವಾದರೆ ಸಾಕು. ಆಕ್ಷೇಪ ಅವನ ಮೇಲಲ್ಲ. ನೆಲ ಕಳೆದುಕೊಂಡವನ ಕಣ್ಣೆದುರಿಗೆ ಕಾರನ್ನು ಗೌರವದ ಗುರುತಾಗಿ ನಿಲ್ಲಿಸಿ, ಯಾವ ಬಣ್ಣ, ಯಾವ ಮಾದರಿ, ಯಾವ ಎಂಜಿನ್ ಎಂಬ ಪ್ರಶ್ನೆಗಳನ್ನಷ್ಟೇ ಅವನ ಕೈಗೆ ಕೊಟ್ಟು, ಕೊಳ್ಳಬೇಕೇ ಎಂಬ ಮೊದಲ ಪ್ರಶ್ನೆಯನ್ನು ಕಸಿದುಕೊಂಡ ಮಾತಿನ ಸಂತೆಯ ಮೇಲೆ ಆಕ್ಷೇಪ.

ಗುಡ್ಡದ ಪಾಲಿಗೆ ಬಂದದ್ದು

ಬಯಲುಸೀಮೆಯ ಈ ಲೆಕ್ಕ ಮಲೆಸೀಮೆಯವರಿಗೆ ಏಕೆ ಬೇಕು ಎಂದು ಕೇಳಬಹುದು. ಹೊಳೆ ಮೇಲಿಂದ ಕೆಳಗೆ ಹರಿಯುತ್ತದೆ, ಕಾರು ಕೆಳಗಿಂದ ಮೇಲೆ ಬರುತ್ತದೆ. ಬಯಲಿನ ಪೇಟೆಗಳಲ್ಲಿ ಮಾರಾಟವಾದ ಕಾರು ಅಲ್ಲಿಯೇ ನಿಲ್ಲುವುದಿಲ್ಲ. ಗುಡ್ಡದ ತಿರುವುಗಳಲ್ಲಿ ಹೇಗೆ ಓಡುತ್ತದೆ ಎಂಬುದು ಕಾರಿನ ಅಭಿಮಾನಿಗಳ ನಿಜವಾದ ಒರೆಗಲ್ಲು. ಹೊಸ ಮಾದರಿ ಬಂದೊಡನೆ ಅದನ್ನು ಘಟ್ಟಕ್ಕೆ ಹತ್ತಿಸಿಯೇ ಅವರು ತೀರ್ಪು ಕೊಡುತ್ತಾರೆ. ಮಲೆನಾಡಿನವರ ನಡೆದಾಡುವ ದಾರಿ ಅವರಿಗೆ ಪರೀಕ್ಷೆಯ ಅಂಗಳ.

ಫಲವೇನೆಂಬುದು ಚಿಕ್ಕಮಗಳೂರಿನವರಿಗೆ ಗೊತ್ತು. ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯ ಕಿರಿದಾದ ದಾರಿಯಲ್ಲಿ ವಾರಾಂತ್ಯದ ಕಾರುಗಳ ಸಾಲು ಹಿಡಿತಕ್ಕೆ ಸಿಗದಂತಾಗಿ, 2025ರ ಸೆಪ್ಟೆಂಬರ್‌ನಿಂದ ಮುಂಗಡ ನೋಂದಣಿಯನ್ನೂ ವಾಹನಗಳ ದಿನದ ಮಿತಿಯನ್ನೂ ಜಿಲ್ಲಾಡಳಿತ ಜಾರಿಗೊಳಿಸಬೇಕಾಯಿತು. ಮಿತಿ ಬೇಕೆಂದು ಗುಡ್ಡ ಎಂದೋ ಹೇಳಿತ್ತು; ಕಚೇರಿಗೆ ಅದು ತಡವಾಗಿ ಕೇಳಿಸಿತು.

ವಾಹನ ಹೆಚ್ಚಿದಂತೆ ರಸ್ತೆ ಅಗಲವಾಗಬೇಕು ಎಂಬುದು ಇಂದಿನ ಧರ್ಮಶಾಸ್ತ್ರ. ಬಯಲಿನಲ್ಲಿ ರಸ್ತೆ ಅಗಲವಾದರೆ ಹೊಲ ಕರಗುತ್ತದೆ, ಗುಡ್ಡದಲ್ಲಿ ಅಗಲವಾದರೆ ಗುಡ್ಡದ ಬುಡ ಕರಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 66ನೆಯ ಹೆದ್ದಾರಿಗಾಗಿ ಬುಡ ಕತ್ತರಿಸಿದ್ದ ಗುಡ್ಡ ಕುಸಿದು ರಸ್ತೆಯ ಮೇಲಿದ್ದವರನ್ನೂ ಪಕ್ಕದ ಹೋಟೆಲನ್ನೂ ಗಂಗಾವಳಿ ನದಿಗೆ ತಳ್ಳಿತು. ಅಲ್ಲಿ ಕೊಚ್ಚಿಹೋದ ಲಾರಿಯೊಂದು ನದಿಯ ತಳದಲ್ಲಿ ಸಿಕ್ಕಿದ್ದು ಎರಡು ತಿಂಗಳ ಮೇಲೆ, ಸೆಪ್ಟೆಂಬರ್‌ನಲ್ಲಿ. ಆ ಹೆದ್ದಾರಿ ಅಗಲವಾದದ್ದು ಕಾರುಗಳಿಗಾಗಿ ಮಾತ್ರವಲ್ಲ, ಲಾರಿಗಳಿಗಾಗಿಯೂ ಹೌದು. ಆದರೆ ಇನ್ನಷ್ಟು ವೇಗ, ಇನ್ನಷ್ಟು ನುಣುಪು ಎಂಬ ಹಂಬಲಕ್ಕೆ ಗುಡ್ಡ ಕಡಿಯುವ ಯಂತ್ರವೇ ಕೊನೆಯ ಉತ್ತರವಾಗಿ ಬರುತ್ತದೆ ಎಂಬುದನ್ನು ಮರೆಯಬಾರದು.

ವಿದ್ಯುತ್ ಕಾರಿನ ಸಮಾಧಾನ

ಪೆಟ್ರೋಲು ಬಿಟ್ಟು ವಿದ್ಯುತ್ತಿಗೆ ಬದಲಾದರೆ ಈ ತಕರಾರೆಲ್ಲ ಮುಗಿಯಿತಲ್ಲ ಎಂಬ ಸಮಾಧಾನವೂ ಕೇಳಿಬರುತ್ತದೆ. ಬೆಂಗಳೂರಿನಲ್ಲಿಯೇ 2001ರಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ರಸ್ತೆಗೆ ಇಳಿದಿತ್ತು. ಅಂದಿನ ಕಾರುಪ್ರಿಯರಲ್ಲಿ ಹಲವರಿಗೆ ಅದು ಆಟಿಕೆಯಂತೆ ಕಂಡಿತು. ಚಿಕ್ಕದಾಗಿರುವುದೇ ಅಪರಾಧವಾದ ಕಾಲ ಅಂದೇ ಶುರುವಾಗಿತ್ತು.

ವಿದ್ಯುತ್ ಕಾರು ಪೇಟೆಯ ಬೀದಿಯಿಂದ ಹೊಗೆಯನ್ನು ತೆಗೆಯುತ್ತದೆ, ನಿಜ. ಆ ವಿದ್ಯುತ್ತು ಎಲ್ಲಿಂದ ಬರುತ್ತದೆ ಎಂದು ಬಾಗೇವಾಡಿಯ ಸೀಮೆಯವರನ್ನು ಕೇಳಬೇಕು. ಅಲ್ಲಿಯ ಕೂಡಗಿಯಲ್ಲಿ 2,400 ಮೆಗಾವಾಟ್‌ನ ಕಲ್ಲಿದ್ದಲ ಉಷ್ಣ ವಿದ್ಯುತ್ ಸ್ಥಾವರವಿದೆ. ಅದರ ಬಾಯಾರಿಕೆಗೆ ಕೃಷ್ಣೆಯ ನೀರೇ ಬೇಕು. ಸ್ಥಾವರವನ್ನು ವಿರೋಧಿಸಿ ಬೀದಿಗಿಳಿದ ರೈತರ ಮೇಲೆ 2014ರ ಜುಲೈನಲ್ಲಿ ಪೊಲೀಸರು ಗುಂಡು ಹಾರಿಸಿದ್ದರು. ಯಂತ್ರ ಬದಲಾದರೆ ಹೊಗೆಯ ಜಾಗ ಬದಲಾಗುತ್ತದೆ; ಸುಮಾರು 65 ಕಿಲೋಗ್ರಾಂನ ಒಬ್ಬ ಮನುಷ್ಯನನ್ನು ಒಯ್ಯಲು 900 ಕಿಲೋಗ್ರಾಂಗೂ ಮೀರಿದ ಲೋಹವನ್ನು ಎಳೆದಾಡುವ ಮೂಲ ಅವಿವೇಕ ಬದಲಾಗುವುದಿಲ್ಲ. ಬ್ಯಾಟರಿ ಸೇರಿದರೆ ಆ ಲೋಹದ ಭಾರ ಇನ್ನೂ ಹೆಚ್ಚು.

ಸಂತೆಯಲ್ಲಿ ಕೇಳಬೇಕಾದ ಪ್ರಶ್ನೆ

ಹಾಗಾದರೆ ಉಳಿದ ದಾರಿ ಯಾವುದು? ಅದು ಹೊಸದೇನಲ್ಲ, ಕೆಂಪು ಬಣ್ಣದ ಸರಕಾರಿ ಬಸ್ಸು. ನಾಲ್ಕೈದು ಕಾರು ನಿಲ್ಲುವ ಜಾಗದಲ್ಲಿ ಒಂದು ಬಸ್ಸು ನಿಲ್ಲುತ್ತದೆ. ಐವತ್ತು ಜನರನ್ನು ಒಯ್ಯುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಹಿಂದೆಂದೂ ಇಲ್ಲದಷ್ಟು ಸಂಖ್ಯೆಯಲ್ಲಿ ಬಸ್ಸು ಹತ್ತಿದರು. ಜನ ಬಸ್ಸನ್ನು ಒಲ್ಲೆನ್ನುತ್ತಾರೆ ಎಂಬ ವಾದ ಅಂದೇ ಬಿದ್ದುಹೋಯಿತು. ಆದರೆ ಕಾಲೇಜಿನ ಹುಡುಗಿ ಇಂದಿಗೂ ಬಾಗಿಲಲ್ಲಿ ಜೋತುಬಿದ್ದು ಬರಬೇಕಾದರೆ, ಸಂಜೆಯ ಕೊನೆಯ ಬಸ್ಸು ತಪ್ಪಿದವನು ಊರಿಗೆ ನಡೆಯಬೇಕಾದರೆ, ಆ ಕುರಿತು ಯಾವ ಅಭಿಮಾನಿ ಶೋಕಿಸಿದ? ಬಸವನ ಬಾಗೇವಾಡಿ ರೋಡ್ ಎಂಬ ಹೆಸರಿನ ರೈಲು ನಿಲ್ದಾಣವೊಂದಿದೆ. ಊರಿನ ಹೆಸರು ಹೊತ್ತಿದ್ದರೂ ಅದು ಊರಿಂದ ದೂರದಲ್ಲಿದೆ. ರೈಲಿನ ವೇಳೆಗೆ ಸರಿಯಾಗಿ ಅಲ್ಲಿಗೆ ಬಸ್ಸು ಬೇಕು ಎಂಬ ಬೇಡಿಕೆಗೆ ಆಕರ್ಷಣೆಯಿಲ್ಲ. ಅದರ ಬಣ್ಣದ ಚಿತ್ರವನ್ನು ಯಾರೂ ಗೋಡೆಗೆ ಅಂಟಿಸುವುದಿಲ್ಲ. ಆದರೆ ಹಲವು ಮನೆಗಳ ಒಂಬತ್ತು ಗುಂಟೆಯನ್ನು ಉಳಿಸಬಲ್ಲ ಬೇಡಿಕೆ ಅದು.

ಕಾರನ್ನು ಪ್ರೀತಿಸುವ ವಿದ್ಯಾರ್ಥಿಗಳಲ್ಲಿ ಯಂತ್ರದ ಜ್ಞಾನವಿದೆ, ಅಳೆಯುವ ಚಟವಿದೆ, ಕಂಪೆನಿಯನ್ನು ಪ್ರಶ್ನಿಸುವ ಧೈರ್ಯವಿದೆ. ಇವು ಚಿಕ್ಕ ಗುಣಗಳಲ್ಲ. ಹಿಂಬಾಗಿಲಿನ ಹಿಡಿಕೆ ಒಂದು ಗೇಣು ಸರಿದದ್ದನ್ನು ಗುರುತಿಸುವ ಕಣ್ಣು, ಊರಿನ ಕೆರೆಯ ದಂಡೆ ಒಂದು ಮಾರು ಸರಿದದ್ದನ್ನೂ ಗುರುತಿಸಬಲ್ಲದು. ಡಿಕ್ಕಿಯಲ್ಲಿ ಮೂರು ಲೀಟರ್ ಜಾಗ ಕಡಿಮೆಯಾಯಿತೆಂದು ಕಂಡುಹಿಡಿದವರು, ಬಸ್ಸಿನ ವೇಳಾಪಟ್ಟಿಯಲ್ಲಿ ಮೂರು ಸರದಿ ಕಡಿಮೆಯಾದುದನ್ನೂ ಕಂಡುಹಿಡಿಯಬಲ್ಲರು. ಆ ವಿದ್ಯೆಯನ್ನು ಕಾರಿನೊಳಗೆ ಕೂಡಿಹಾಕಿಕೊಂಡಿರುವುದೇ ನಷ್ಟ.

ಸ್ವಿಫ್ಟ್ ಇನ್ನೂ ರೂಪ ಬದಲಿಸೀತು. ಐದನೆಯ ತಲೆಮಾರು ಬಂದಾಗ ಮತ್ತೆ ಸಂತೆ ಸೇರುತ್ತದೆ. ಅಂದು ಗುಂಪಿನಲ್ಲಿ ಒಬ್ಬನಾದರೂ ದನದ ಸಂತೆಯ ಅಜ್ಜನ ಪ್ರಶ್ನೆಯನ್ನು ಕೇಳಬೇಕು: ಇದು ತಿನ್ನುವುದೇನು? ಎಲ್ಲಿಂದ ತಂದು ಹಾಕುವುದು? ಇದು ನಿಲ್ಲಲು ಯಾರ ನೆಲ ಬೇಕು? ಇದಿಲ್ಲದೆ ಮನೆಯ ಕೆಲಸ ಸಾಗದೇ? ಇವಕ್ಕೆ ಉತ್ತರ ಸಿಕ್ಕ ಮೇಲೆ ಬೇಕಾದವನು ಹಗ್ಗಕ್ಕೆ ಕೈಹಾಕಲಿ.